ಬೆಂಗಳೂರಿನ ಮನಶ್ಚಿಕಿತ್ಸೆ : ಆಸ್ಪತ್ರೆಯ ಹೆಬ್ಬಾಗಿಲಿನಿಂದ ಮನೆಯ ಕೊಠಡಿಯವರೆಗೆ

ಬೆಂಗಳೂರಿನ ಹೊಸೂರು ರಸ್ತೆಯಲ್ಲಿರುವ ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ, ಎಂದರೆ ಜನರ ಬಾಯಲ್ಲಿ ನಿಮ್ಹಾನ್ಸ್, ಜಯನಗರದ ನೆರೆಯಲ್ಲೇ ಇದೆ. ಬಿ.ಟಿ.ಎಂ. ಬಡಾವಣೆ, ಬನಶಂಕರಿ, ಜೆ.ಪಿ. ನಗರಗಳಿಗೂ ಅದಕ್ಕೂ ಕೆಲವೇ ಕಿಲೋಮೀಟರುಗಳ ಅಂತರ. ಮನೋರೋಗಗಳ ವಿಷಯದಲ್ಲಿ ದೇಶದ ಪ್ರಮುಖ ಸಂಸ್ಥೆಯನ್ನು ಇಷ್ಟು ಸಮೀಪದಲ್ಲಿ ಪಡೆದಿರುವ ಬಡಾವಣೆಗಳು ಭಾರತದಲ್ಲಿ ಹೆಚ್ಚಿಲ್ಲ. ಹೀಗಿದ್ದರೂ ಈ ಭಾಗದ ವಯಸ್ಕರಲ್ಲಿ ಅನೇಕರು ತಮ್ಮ ಆತಂಕ, ಖಿನ್ನತೆ, ದೀರ್ಘವ್ಯಾಧಿಯ ದಣಿವು, ಅವಧಾನದ ಚಾಂಚಲ್ಯ ಮೊದಲಾದವುಗಳನ್ನು ಕುರಿತು ಇಂದು ಮನಶ್ಶಾಸ್ತ್ರಜ್ಞರೊಡನೆ ಮಾತನಾಡುವುದು ಮೊಬೈಲಿನ ಅಥವಾ ಕಂಪ್ಯೂಟರಿನ ಪರದೆಯ ಮೂಲಕ. ದೂರವನ್ನು ನೀಗಿಸಲೆಂದು ಹುಟ್ಟಿದ ಸಾಧನವು ದೂರವೇ ಇಲ್ಲದ ಸ್ಥಳದಲ್ಲಿ ಇಷ್ಟು ಬೇಗ ಬೇರೂರಿದುದೇಕೆ? ವಾಹನಗಳ ದಟ್ಟಣೆ ಎಂಬ ಉತ್ತರ ಸುಲಭವಾದುದು. ಅದು ಸುಳ್ಳೂ ಅಲ್ಲ. ಆದರೆ ನೂರೆಪ್ಪತ್ತೈದು ವರ್ಷಗಳಿಗೂ ಮೀರಿದ ಹಿನ್ನೆಲೆಯನ್ನು ಪರಿಶೀಲಿಸಿದಲ್ಲಿ, ರೋಗಿಯನ್ನು ಚಿಕಿತ್ಸಕನಿಂದ ದೂರವಿರಿಸಿದ್ದು ಹಾದಿಗಿಂತ ಹೆಚ್ಚಾಗಿ ಹೆಬ್ಬಾಗಿಲು ಎಂಬುದು ಸ್ಪಷ್ಟವಾಗುತ್ತದೆ. ಆ ಬಾಗಿಲಿನ ಇತಿಹಾಸವೇ ಪ್ರಸ್ತುತ ಲೇಖನದ ವಿಷಯ.

ಮಾತಿನಿಂದ ಮನಸ್ಸನ್ನು ಸರಿಪಡಿಸುವ ಕಲ್ಪನೆ ನಮಗೆ ಹೊಸದಲ್ಲ. ಚರಕಸಂಹಿತೆಯು ಚಿಕಿತ್ಸೆಯನ್ನು ದೈವವ್ಯಪಾಶ್ರಯ, ಯುಕ್ತಿವ್ಯಪಾಶ್ರಯ, ಸತ್ತ್ವಾವಜಯ ಎಂದು ಮೂರಾಗಿ ವಿಭಾಗಿಸಿ, ಅಹಿತವಾದ ವಿಷಯಗಳಿಂದ ಮನಸ್ಸನ್ನು ನಿಗ್ರಹಿಸುವುದೇ ಸತ್ತ್ವಾವಜಯವೆಂದು ಹೇಳುತ್ತದೆ. ಇಂದಿನ ಮನಶ್ಚಿಕಿತ್ಸೆಯೆಲ್ಲವೂ ಅದರಲ್ಲಿಯೇ ಅಡಗಿತ್ತೆಂದು ವಾದಿಸುವ ಉತ್ಸಾಹಿಗಳಿದ್ದಾರೆ. ಅವರೊಡನೆ ನಾವು ಅಷ್ಟು ದೂರ ಹೋಗಲಾರೆವು. ವೈದ್ಯನ ಮಾತೂ ಮದ್ದಿನೊಡನೆ ಎಣಿಕೆಗೆ ಬರುತ್ತಿತ್ತೆಂಬಷ್ಟನ್ನು ಒಪ್ಪಿದರೆ ಸಾಕು.

ಬೆಂಗಳೂರಿನಲ್ಲಿ ಆಧುನಿಕ ಚಿಕಿತ್ಸೆ ಆರಂಭವಾದುದು ಮಾತಿನಿಂದಲ್ಲ, ಗೋಡೆಯಿಂದ. ಮೈಸೂರು ಕಮಿಷನರರ ಆಡಳಿತಕಾಲದಲ್ಲಿ, 1847ರ ಸುಮಾರಿಗೆ, ಇಲ್ಲಿ ಹುಚ್ಚರ ಆಶ್ರಯಸ್ಥಾನವೊಂದು ಏರ್ಪಟ್ಟಿತು. ಕಾಪಾಡುವುದು ಮತ್ತು ಕೂಡಿಹಾಕುವುದು, ಈ ಎರಡರ ನಡುವಣ ಭೇದವನ್ನು ಆ ಕಾಲದ ಇಂಥ ಸಂಸ್ಥೆಗಳು ಎಲ್ಲಿಯೂ ಸ್ಪಷ್ಟವಾಗಿ ಕಾಣಲಿಲ್ಲ. 1912ರ ಭಾರತೀಯ ಕಾಯಿದೆಯ ಹೆಸರಿನಲ್ಲಿಯೂ ‘ಲ್ಯೂನಸಿ’ ಎಂಬ ಶಬ್ದವೇ ಉಳಿಯಿತು. 1925ರಲ್ಲಿ ಮೈಸೂರು ಸರ್ಕಾರವು ಸಂಸ್ಥೆಗೆ ಮಾನಸಿಕ ಆಸ್ಪತ್ರೆ ಎಂದು ಮರುನಾಮಕರಣ ಮಾಡಿತು. 1930ರ ದಶಕದಲ್ಲಿ ಪೇಟೆಯ ಇಕ್ಕಟ್ಟನ್ನು ಬಿಟ್ಟು ಅದು ಲಾಲ್‌ಬಾಗಿನ ಆಚೆಯ ವಿಶಾಲವಾದ ಎತ್ತರದ ನೆಲಕ್ಕೆ ಬಂದಿತು. ಡಾ. ಫ್ರಾಂಕ್ ನೊರೋನ್ಹಾ, ಅವರ ತರುವಾಯ ಡಾ. ಎಂ.ವಿ. ಗೋವಿಂದಸ್ವಾಮಿ ಅದನ್ನು ಚಿಕಿತ್ಸಾಲಯವನ್ನಾಗಿ ಮಾಡಿದರು. 1954ರಲ್ಲಿ ಇದೇ ಆವರಣದಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪಿತವಾಯಿತು; 1974ರಲ್ಲಿ ಸಂಸ್ಥೆಯೂ ಆಸ್ಪತ್ರೆಯೂ ಒಂದುಗೂಡಿ ಈಗಿನ ಹೆಸರನ್ನು ಪಡೆದುವು.

ಸರ್ಕಾರ ಹೆಸರನ್ನು ಬದಲಾಯಿಸಿದ ಮಾತ್ರಕ್ಕೆ ಜನ ಬದಲಾಯಿಸಬೇಕೆಂದಿಲ್ಲ. ಬೆಂಗಳೂರಿಗರ ಬಾಯಲ್ಲಿ ಅದು ಬಹುಕಾಲ ‘ಹುಚ್ಚಾಸ್ಪತ್ರೆ’ಯಾಗಿಯೇ ಉಳಿಯಿತು. ಹೊಸ ಹೆಸರು ಬಳಕೆಗೆ ಬಂದಾಗ ಅದೂ ಬೈಗುಳವಾಯಿತು. ‘ಇವನನ್ನು ನಿಮ್ಹಾನ್ಸಿಗೆ ಸೇರಿಸಬೇಕು’ ಎಂಬ ಹಾಸ್ಯವನ್ನು ಕೇಳದೆ ಬೆಳೆದ ಬೆಂಗಳೂರಿನ ವಿದ್ಯಾರ್ಥಿ ಅಪರೂಪ. ಸಂಸ್ಥೆಯ ಕೀರ್ತಿಯೂ ಅದರ ಕಳಂಕವೂ ಒಂದೇ ಶಬ್ದದಲ್ಲಿ ನೆಲಸಿದುವು.

ಈ ಕಳಂಕದ ಸ್ವರೂಪವನ್ನು ವೈದ್ಯಗ್ರಂಥಗಳಿಗಿಂತ ಚೆನ್ನಾಗಿ ತೋರಿಸಿದ್ದು ಒಂದು ಕಾದಂಬರಿ. ಮೈಸೂರಿನಲ್ಲಿ ಮನಶ್ಶಾಸ್ತ್ರವನ್ನು ವ್ಯಾಸಂಗಮಾಡಿದ್ದ ತ್ರಿವೇಣಿಯವರು ‘ಶರಪಂಜರ’ದಲ್ಲಿ ಚಿತ್ರಿಸಿದ ಕಾವೇರಿ, ಮಾನಸಿಕ ಆಸ್ಪತ್ರೆಯಿಂದ ಗುಣಹೊಂದಿಯೇ ಮನೆಗೆ ಹಿಂತಿರುಗುತ್ತಾಳೆ. ಆಸ್ಪತ್ರೆ ತನ್ನ ಕೆಲಸವನ್ನು ಮಾಡಿದೆ. ಆದರೆ ಆ ಬಾಗಿಲನ್ನು ಒಮ್ಮೆ ದಾಟಿದವಳೆಂಬ ಕಾರಣದಿಂದಲೇ ಅವಳ ನಗು, ಕೋಪ, ಮೌನ ಎಲ್ಲವೂ ಲಕ್ಷಣಗಳಾಗಿ ಓದಲ್ಪಡುತ್ತವೆ. ಪುಟ್ಟಣ್ಣ ಕಣಗಾಲರು 1971ರಲ್ಲಿ ಇದನ್ನು ಚಲನಚಿತ್ರವಾಗಿಸಿದಾಗ ಕಲ್ಪನಾ ಅವರ ಅಭಿನಯದ ಮೂಲಕ ಕಥೆ ನಾಡಿನ ಮೂಲೆಮೂಲೆಗೆ ಮುಟ್ಟಿತು. ಅದನ್ನು ನೋಡಿ ಕಣ್ಣೀರಿಟ್ಟವರು ತಮ್ಮ ಮನೆಯ ರೋಗಿಯನ್ನು ಹೆಚ್ಚು ಧೈರ್ಯದಿಂದ ಆಸ್ಪತ್ರೆಗೆ ಕರೆದೊಯ್ದರೋ, ಅಥವಾ ಹೋದರೆ ಏನಾಗುವುದೆಂಬುದನ್ನು ಕಂಡು ಇನ್ನಷ್ಟು ಹಿಂಜರಿದರೋ ಎಂಬುದು ವಿಚಾರಯೋಗ್ಯವಾದ ಪ್ರಶ್ನೆ.

ಗೋಡೆಯ ಇತಿಹಾಸಕ್ಕೆ ಸಮಾನಾಂತರವಾಗಿ ಮಾತಿನ ಇತಿಹಾಸವೊಂದು ಹರಿದುಬಂದಿದೆ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರ ವಿಭಾಗ 1924ರಲ್ಲಿಯೇ ಪ್ರಾರಂಭವಾಯಿತು. ಅದರ ಮುಖ್ಯಸ್ಥರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರೇ 1935ರಲ್ಲಿ ತಮ್ಮ ಮನೆ ‘ವಿಠ್ಠಲ ವಿಹಾರ’ದಲ್ಲಿ ‘ಆಕಾಶವಾಣಿ’ ಎಂಬ ಬಾನುಲಿ ಕೇಂದ್ರವನ್ನು ನಡೆಸಲಾರಂಭಿಸಿದರು. ಮನಸ್ಸನ್ನು ಕುರಿತು ಪಾಠಹೇಳುತ್ತಿದ್ದವರೇ ಮುಖ ಕಾಣದ ಧ್ವನಿಯನ್ನು ಮನೆಮನೆಗೆ ಕಳುಹಿಸಲು ಹೊರಟುದು ಆಕಸ್ಮಿಕವೇ ಇರಬಹುದು. ಅದರಿಂದ ದೊಡ್ಡ ಸಿದ್ಧಾಂತವನ್ನು ಕಟ್ಟುವುದು ತರವಲ್ಲ. ಆದರೂ ನಮ್ಮ ವಿಷಯದ ದೃಷ್ಟಿಯಿಂದ ಇದು ಮರೆಯತಕ್ಕ ಸಂಗತಿಯಲ್ಲ.

1955ರಲ್ಲಿ ಬೆಂಗಳೂರಿನ ಸಂಸ್ಥೆಯಲ್ಲಿ ವೈದ್ಯಕೀಯ ಮತ್ತು ಸಾಮಾಜಿಕ ಮನಶ್ಶಾಸ್ತ್ರದ ಡಿಪ್ಲೊಮಾ ಶಿಕ್ಷಣ ಆರಂಭವಾಯಿತು. ಔಷಧ ಬರೆಯುವ ವೈದ್ಯನಲ್ಲದ, ಆದರೆ ಚಿಕಿತ್ಸೆಯಲ್ಲಿ ತರಬೇತಿ ಪಡೆದ ಮನಶ್ಶಾಸ್ತ್ರಜ್ಞನೆಂಬ ಹೊಸ ವೃತ್ತಿಗೆ ಇಲ್ಲಿ ನೆಲೆ ದೊರೆಯಿತು. ಇಂದು ಪರದೆಯ ಆಚೆ ಕುಳಿತು ವಾರಕ್ಕೊಮ್ಮೆ ಐವತ್ತು ನಿಮಿಷ ಕೇಳುವಾತ ಈ ವೃತ್ತಿಯ ವಾರಸುದಾರ. ಪಾಶ್ಚಾತ್ಯ ಮನಶ್ಚಿಕಿತ್ಸೆ ನಮ್ಮ ಜನಕ್ಕೆ ಹೊಂದುವುದೇ ಎಂಬ ಚರ್ಚೆಯೂ ಆ ದಶಕಗಳಲ್ಲಿ ನಡೆಯಿತು. ಡಾ. ಜೆ.ಎಸ್. ನೇಕಿಯವರು 1973ರಲ್ಲಿ ಗುರುಶಿಷ್ಯ ಸಂಬಂಧವನ್ನೇ ಚಿಕಿತ್ಸೆಯ ಮಾದರಿಯಾಗಿ ಪರಿಗಣಿಸಬಹುದೆಂದು ಸೂಚಿಸಿದರು. ಭಾರತೀಯ ರೋಗಿ ಚಿಕಿತ್ಸಕನಿಂದ ಕೇವಲ ಆಲಿಸುವಿಕೆಯನ್ನಲ್ಲದೆ ದಾರಿ ತೋರುವುದನ್ನೂ ಅಪೇಕ್ಷಿಸುತ್ತಾನೆಂಬುದು ಅದರ ತಿರುಳು. ಇದು ಜಯನಗರದ ಇಂದಿನ ಮೂವತ್ತರ ಹರೆಯದವನಿಗೆ ಎಷ್ಟು ಅನ್ವಯಿಸೀತೆಂಬ ಸಂದೇಹ ನಮಗಿದೆ. ಅವನ ತಂದೆಗೆ ಪೂರ್ಣವಾಗಿ ಅನ್ವಯಿಸೀತು.

ಆಸ್ಪತ್ರೆಯ ಬಾಗಿಲಿನಿಂದಾಚೆಗೆ ನೋಡಿದ ಮೊದಲ ದೊಡ್ಡ ಪ್ರಯತ್ನ ಕರಾವಳಿಯಲ್ಲಿ ನಡೆಯಿತು. ಅಂದಿನ ದಕ್ಷಿಣ ಕನ್ನಡ ಜಿಲ್ಲೆಯ ಕೋಟದಲ್ಲಿ ಕಾರ್‌ಸ್ಟೇರ್ಸ್ ಮತ್ತು ಆರ್.ಎಲ್. ಕಪೂರ್ ನಡೆಸಿದ ಅಧ್ಯಯನ 1976ರಲ್ಲಿ ಗ್ರಂಥವಾಗಿ ಪ್ರಕಟವಾಯಿತು. ಬ್ರಾಹ್ಮಣ, ಬಂಟ, ಮೊಗವೀರ ಸಮುದಾಯಗಳವರ ಮಾನಸಿಕ ಯಾತನೆಗಳನ್ನೂ, ಅವರು ವೈದ್ಯ, ಮಂತ್ರವಾದಿ, ಪಾತ್ರಿಗಳ ಬಳಿಗೆ ಹೋಗುವ ರೀತಿಯನ್ನೂ ಈ ಗ್ರಂಥ ದಾಖಲಿಸಿದೆ. ಜನರು ಸಹಾಯ ಕೇಳದವರಲ್ಲ, ನಾಚಿಕೆಯಿಲ್ಲದೆ ಕೇಳಬಹುದಾದ ಕಡೆ ಕೇಳುವವರು ಎಂಬುದು ಅದನ್ನು ಓದಿದವನಿಗೆ ಹೊಳೆಯದಿರದು. ಅದೇ ವರ್ಷ ಬನ್ನೇರುಘಟ್ಟದ ಬಳಿಯ ಸಕಲವಾರದಲ್ಲಿ ನಿಮ್ಹಾನ್ಸಿನ ಗ್ರಾಮೀಣ ಕೇಂದ್ರ ಕೆಲಸ ಆರಂಭಿಸಿತು. 1982ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮದ ತರುವಾಯ 1985ರಿಂದ ಬಳ್ಳಾರಿ ಜಿಲ್ಲೆಯಲ್ಲಿ ನಡೆದ ಪ್ರಯೋಗವು 1996ರಲ್ಲಿ ದೇಶದ ಜಿಲ್ಲಾ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಹಳ್ಳಿಗೆ ಚಿಕಿತ್ಸೆಯನ್ನು ಕೊಂಡೊಯ್ದವರು ನಗರದ ಮಧ್ಯಮವರ್ಗವನ್ನು ತಲಪುವ ಬಗೆಯನ್ನು ಅಷ್ಟಾಗಿ ಯೋಚಿಸಲಿಲ್ಲ. ಆಸ್ಪತ್ರೆ ಪಕ್ಕದಲ್ಲೇ ಇದೆಯಲ್ಲ ಎಂಬ ಭಾವನೆ ಇದ್ದಿರಬೇಕು.

ಆ ವರ್ಗ ತನ್ನ ದಾರಿಯನ್ನು ತಾನೇ ಕಂಡುಕೊಂಡಿತು. ಅದು ಅಂಚೆಯ ದಾರಿ. ‘ಕೊರವಂಜಿ’ಯ ಸಂಪಾದಕರೂ ಬೆಂಗಳೂರಿನ ವೈದ್ಯರೂ ಆಗಿದ್ದ ಡಾ. ಎಂ. ಶಿವರಾಂ, ಎಂದರೆ ನಮ್ಮ ‘ರಾಶಿ’, ಮನೋವಿಜ್ಞಾನವನ್ನು ಕನ್ನಡದಲ್ಲಿ ಹೇಳಲು ಸಾಧ್ಯವೆಂಬುದನ್ನು ತೋರಿಸಿದರು. ಅವರ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ನಿಮ್ಹಾನ್ಸಿನ ಪ್ರಾಧ್ಯಾಪಕರಾಗಿದ್ದ ಡಾ. ಸಿ.ಆರ್. ಚಂದ್ರಶೇಖರ್ ನೂರಾರು ಪುಸ್ತಕಗಳಿಂದ ಆ ಕೆಲಸವನ್ನು ಮುಂದುವರಿಸಿದರು. ಬನ್ನೇರುಘಟ್ಟ ರಸ್ತೆಯ ಕಡೆ ‘ಸಮಾಧಾನ’ ಎಂಬ ಸಲಹಾಕೇಂದ್ರವನ್ನೂ ಕಟ್ಟಿದರು. ಪತ್ರಿಕೆಗಳ ಪ್ರಶ್ನೋತ್ತರ ಅಂಕಣಗಳಲ್ಲಿ ‘ನೊಂದವಳು’, ‘ಹೆಸರು ಬೇಡ’ ಎಂದು ಸಹಿಮಾಡಿ ಬರೆದವರ ಸಂಖ್ಯೆಯನ್ನು ಯಾರೂ ಎಣಿಸಿಟ್ಟಿಲ್ಲ. ಮುಖ ತೋರಿಸದೆ, ಊರು ಹೇಳದೆ, ತಜ್ಞರಿಂದ ಉತ್ತರ ಪಡೆಯುವ ಈ ಪದ್ಧತಿಯು ಇಂದಿನ ಆನ್‌ಲೈನ್ ಚಿಕಿತ್ಸೆಗೆ ನಮ್ಮ ಭಾಷೆಯಲ್ಲಿ ಸಿಗುವ ನಿಕಟವಾದ ಪೂರ್ವರೂಪ ಎನ್ನಬಹುದು.

ಇಲ್ಲಿ ಒಂದು ಶಬ್ದವನ್ನು ಕುರಿತು ಹೇಳದೆ ಮುಂದುವರಿಯಲಾಗದು. ‘ಕೌನ್ಸೆಲಿಂಗ್’ ಎಂಬುದಕ್ಕೆ ಕನ್ನಡವು ‘ಸಲಹೆ’ ಎಂದಷ್ಟೇ ಹೇಳಿ ಸುಮ್ಮನಿರಲಿಲ್ಲ. ‘ಆಪ್ತಸಲಹೆ’, ‘ಆಪ್ತಸಮಾಲೋಚನೆ’ ಎಂದಿತು. ಮೂಲದಲ್ಲಿಲ್ಲದ ‘ಆಪ್ತ’ ಎಂಬುದನ್ನು ನಾವು ಸೇರಿಸಿಕೊಂಡೆವು. ಅಪರಿಚಿತನಿಗೆ ಶುಲ್ಕ ಕೊಟ್ಟು ಮನಸ್ಸನ್ನು ಬಿಚ್ಚಿಡುವುದು ನಮಗೆ ಎಷ್ಟು ವಿಚಿತ್ರವಾಗಿ ತೋರಿತೆಂಬುದಕ್ಕೆ ಈ ಸೇರ್ಪಡೆಗಿಂತ ಬೇರೆ ಸಾಕ್ಷ್ಯ ಬೇಕಿಲ್ಲ.

ಹೊರಗಿನ ಪ್ರಪಂಚದಲ್ಲಿ ತಂತಿಯ ಮೂಲಕ ಮನಸ್ಸನ್ನು ತಲಪುವ ಯತ್ನಗಳು ಆ ವೇಳೆಗೆ ಹಳತಾಗಿದ್ದುವು. ಲಂಡನ್ನಿನಲ್ಲಿ ಚಾಡ್ ವಾರಾ 1953ರಲ್ಲಿ ಆತ್ಮಹತ್ಯೆಯ ಅಂಚಿನಲ್ಲಿದ್ದವರಿಗಾಗಿ ದೂರವಾಣಿ ಸೇವೆಯನ್ನು ತೊಡಗಿಸಿದ್ದರು; ಅಮೆರಿಕದ ನೆಬ್ರಾಸ್ಕದಲ್ಲಿ 1959ರಲ್ಲಿಯೇ ದೂರದರ್ಶನದ ಮೂಲಕ ಮನೋವೈದ್ಯಕೀಯ ಪ್ರಯೋಗಗಳು ನಡೆದಿದ್ದುವು. ಬೆಂಗಳೂರಿನಲ್ಲಿ ‘ಸಹಾಯ್’ ಎಂಬ ದೂರವಾಣಿ ಸೇವೆ ಈ ಶತಮಾನದ ಆದಿಯಲ್ಲಿ ಬಂದಿತು. ಚಾಮರಾಜನಗರದ ಜಿಲ್ಲಾಸ್ಪತ್ರೆಯನ್ನು ಉಪಗ್ರಹದ ಮೂಲಕ ಬೆಂಗಳೂರಿನ ಹೃದ್ರೋಗ ತಜ್ಞರೊಡನೆ ಕೂಡಿಸಿದ್ದೂ ಅದೇ ಕಾಲದಲ್ಲಿ. ಸಾಧನವಿತ್ತು, ತಜ್ಞರಿದ್ದರು, ಆದರೂ ವೈಯಕ್ತಿಕ ಮನಶ್ಚಿಕಿತ್ಸೆ ಕೊಠಡಿಯನ್ನು ಬಿಟ್ಟು ಕದಲಲಿಲ್ಲ. ಮುಖಾಮುಖಿಯಾಗಿ ಕುಳಿತಲ್ಲದೆ ಚಿಕಿತ್ಸೆಯಿಲ್ಲವೆಂಬುದು ವೃತ್ತಿಯವರ ನಂಬಿಕೆಯಾಗಿತ್ತು.

ಈಗ ಬಡಾವಣೆಗಳತ್ತ ತಿರುಗೋಣ. ಜಯನಗರಕ್ಕೆ 1948ರಲ್ಲಿ ಶಂಕುಸ್ಥಾಪನೆಯಾಯಿತು. ಭೈರಸಂದ್ರ, ತಾವರೆಕೆರೆ, ಮಡಿವಾಳಗಳ ಆದ್ಯಕ್ಷರಗಳಿಂದ ಹೆಸರು ಪಡೆದ ಬಿ.ಟಿ.ಎಂ., ಜಯಪ್ರಕಾಶ ನಾರಾಯಣರ ಹೆಸರಿನ ಜೆ.ಪಿ. ನಗರ, ದೇವಸ್ಥಾನದಿಂದ ಹೆಸರಾದ ಬನಶಂಕರಿ ಬಳಿಕ ಬೆಳೆದುವು. ಸಾರ್ವಜನಿಕ ಉದ್ಯಮಗಳ, ಬ್ಯಾಂಕುಗಳ, ಶಾಲಾಕಾಲೇಜುಗಳ ನೌಕರರು ಕಟ್ಟಿಕೊಂಡ ಮನೆಗಳಿವು. ಯಾರ ಮನೆಗೆ ಯಾರು ಬಂದರೆಂಬುದನ್ನು ಎದುರುಮನೆಯವರು ಬಲ್ಲರು. ಬಿ.ಟಿ.ಎಂ.ನಲ್ಲಿ ಮಾತ್ರ ಗಣಕೋದ್ಯಮದ ಯುವಜನರು ಬಾಡಿಗೆಯ ಕೊಠಡಿಗಳಲ್ಲಿ ನೆರೆದರು; ಅವರನ್ನು ಯಾರೂ ಬಲ್ಲವರಿಲ್ಲ. ಅತಿಪರಿಚಯ ಮತ್ತು ಅಪರಿಚಯ ಎರಡೂ ಮನಸ್ಸಿಗೆ ಭಾರವೇ.

ಬನಶಂಕರಿ ದೇವಾಲಯದಲ್ಲಿ ರಾಹುಕಾಲದ ವೇಳೆ ನಿಂಬೆಹಣ್ಣಿನ ಸಿಪ್ಪೆಯಲ್ಲಿ ದೀಪ ಹಚ್ಚುವ ಸಾಲನ್ನು ನೋಡಿದವರಿಗೆ ಒಂದು ವಿಷಯ ತಿಳಿದಿರುತ್ತದೆ. ಅಲ್ಲಿ ನಿಂತವರೆಲ್ಲ ಸಂಕಟಗಳನ್ನು ಹೊತ್ತೇ ಬಂದವರು. ಅದನ್ನು ಎಲ್ಲರೂ ಅರಿತಿರುತ್ತಾರೆ. ಯಾರಿಗೂ ಅದರಿಂದ ಮಾನಹಾನಿಯಿಲ್ಲ. ಅದೇ ಹೆಂಗಸು ಅದೇ ಸಂಕಟವನ್ನು ಹೊತ್ತು ಹೊಸೂರು ರಸ್ತೆಯ ಹೊರರೋಗಿ ವಿಭಾಗದ ಸಾಲಿನಲ್ಲಿ ನಿಂತುದನ್ನು ನೆರೆಯವರು ಕಂಡರೆ, ಮಗಳ ಮದುವೆಯ ಮಾತು ನಿಲ್ಲಬಹುದು. ನಿಮ್ಹಾನ್ಸ್ ಈ ತೊಡಕನ್ನು ಅರಿಯದೆ ಇರಲಿಲ್ಲ. ಬಿ.ಟಿ.ಎಂ. ಬಡಾವಣೆಯಲ್ಲಿ ‘ಯೋಗಕ್ಷೇಮ’ದ ಹೆಸರಿನ ಕೇಂದ್ರವೊಂದನ್ನು ಆಸ್ಪತ್ರೆಯಿಂದ ಪ್ರತ್ಯೇಕವಾಗಿ ತೆರೆಯಿತು. ಮೊಬೈಲು, ಅಂತರ್ಜಾಲಗಳ ಅತಿಬಳಕೆಯಿಂದ ಪೀಡಿತರಾದವರಿಗಾಗಿ 2014ರಲ್ಲಿ ತೊಡಗಿದ ‘ಷಟ್’ ಚಿಕಿತ್ಸಾಲಯ ನಡೆದುದೂ ಅಲ್ಲಿಯೇ. ಪರದೆಯಿಂದ ಬಿಡಿಸುವ ಚಿಕಿತ್ಸೆ ದೊರೆತ ಬಡಾವಣೆಯಲ್ಲಿಯೇ ಕೆಲವು ವರ್ಷಗಳ ತರುವಾಯ ಪರದೆಯ ಮೂಲಕವೇ ಚಿಕಿತ್ಸೆ ನಡೆಯಬೇಕಾಯಿತು.

ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಸಮೀಕ್ಷೆಯಂತೆ ದೇಶದ ವಯಸ್ಕರಲ್ಲಿ ನೂರಕ್ಕೆ 10.6 ಮಂದಿಗೆ ಆಗ ಯಾವುದಾದರೊಂದು ಮಾನಸಿಕ ತೊಂದರೆಯಿತ್ತು. ಖಿನ್ನತೆ, ಆತಂಕಗಳಂಥ ಸಾಮಾನ್ಯ ತೊಂದರೆಯುಳ್ಳವರಲ್ಲಿ ನೂರಕ್ಕೆ 85 ಮಂದಿ ಚಿಕಿತ್ಸೆಯಿಲ್ಲದೆ ಇದ್ದರು. 2020ರ ಮಾರ್ಚ್ ತಿಂಗಳಲ್ಲಿ ಕೋವಿಡ್ ಸಾಂಕ್ರಾಮಿಕದ ಕಾರಣ ದೇಶವೇ ಬಾಗಿಲಿಕ್ಕಿತು. ಆ ತಿಂಗಳ 25ರಂದು ಕೇಂದ್ರಸರ್ಕಾರ ದೂರವೈದ್ಯಕೀಯದ ಮಾರ್ಗಸೂಚಿಯನ್ನು ಹೊರಡಿಸಿತು. ಅದೇ ವರ್ಷ ಮನೋವೈದ್ಯರಿಗಾಗಿ ಪ್ರತ್ಯೇಕ ಮಾರ್ಗಸೂಚಿಯೂ ಸಿದ್ಧವಾಯಿತು. ಕೊಠಡಿಯಲ್ಲಲ್ಲದೆ ಚಿಕಿತ್ಸೆಯಿಲ್ಲವೆಂದಿದ್ದವರು ಕೆಲವೇ ವಾರಗಳಲ್ಲಿ ಪರದೆಯ ಮುಂದೆ ಕುಳಿತರು. ಸಾಂಕ್ರಾಮಿಕವು ಹಿಂದೆ ಸರಿದ ಮೇಲೂ ಎಲ್ಲರೂ ಕೊಠಡಿಗೆ ಹಿಂತಿರುಗಲಿಲ್ಲವೆಂಬುದೇ ಇತಿಹಾಸಕಾರನ ಗಮನಕ್ಕೆ ಅರ್ಹವಾದ ಸಂಗತಿ. ತುರ್ತಿನಲ್ಲಿ ಬಂದ ಏರ್ಪಾಟು ಹಳೆಯ ಅಗತ್ಯವೊಂದಕ್ಕೆ ಉತ್ತರವಾಗಿತ್ತು.

ಯಾರಿಗೆ ಯಾವ ಉತ್ತರವೆಂಬುದು ರೋಗದಿಂದ ರೋಗಕ್ಕೆ ಬೇರೆ. ಸಂಧಿವಾತ, ಮೂತ್ರಪಿಂಡದ ವ್ಯಾಧಿ ಮುಂತಾದ ದೀರ್ಘರೋಗಗಳಿಂದ ಬಳಲುವವನಿಗೆ ಪ್ರಯಾಣವೇ ಆ ದಿನದ ಶಕ್ತಿಯನ್ನು ಹೀರುತ್ತದೆ. ಅವನಿಗೆ ಮನೆಯಿಂದಲೇ ಮಾತನಾಡುವುದು ಸ್ಪಷ್ಟವಾದ ಲಾಭ. ಖಿನ್ನತೆಯಲ್ಲಿ ಹಾಸಿಗೆಯಿಂದ ಏಳಲಾಗದವನಿಗೂ ಹಾಗೆಯೇ. ಖಿನ್ನತೆ, ಆತಂಕಗಳಲ್ಲಿ ಪರದೆಯ ಚಿಕಿತ್ಸೆಯ ಫಲ ಮುಖಾಮುಖಿ ಚಿಕಿತ್ಸೆಗೆ ಸುಮಾರಾಗಿ ಸಮನೆಂದು ಅನೇಕ ತೌಲನಿಕ ಅಧ್ಯಯನಗಳು ಹೇಳಿವೆ. ಆದರೆ ಹೊರಗೆ ಹೋಗುವುದೇ ಭಯವಾಗಿರುವ ಆತಂಕರೋಗಿಗೆ ಮನೆಯಲ್ಲಿ ಕುಳಿತ ಚಿಕಿತ್ಸೆ ಆಸರೆಯೂ ಹೌದು, ನೆಪವೂ ಹೌದು. ಅಂಥವನನ್ನು ಒಂದು ಹಂತದಲ್ಲಿ ಬೀದಿಗಿಳಿಸಲೇಬೇಕು.

ವಯಸ್ಕರ ಅವಧಾನನ್ಯೂನತೆ, ಎ.ಡಿ.ಎಚ್.ಡಿ. ಎಂಬ ಹೆಸರಿನಿಂದ ಈಗ ಪ್ರಸಿದ್ಧವಾಗಿರುವುದು, ಇವೆಲ್ಲಕ್ಕಿಂತ ಜಟಿಲವಾದ ಪ್ರಕರಣ. ಅಲೆಗ್ಜಾಂಡರ್ ಕ್ರೈಟನ್ 1798ರಲ್ಲಿಯೇ ಅವಧಾನದ ವಿಕಾರಗಳನ್ನು ವರ್ಣಿಸಿದ್ದನು. ಲಂಡನ್ನಿನ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್ 1902ರ ತನ್ನ ಉಪನ್ಯಾಸಗಳಲ್ಲಿ ಇಂಥ ಮಕ್ಕಳನ್ನು ಕುರಿತು ಮಾತನಾಡಿದನು. 1968ರ ಅಮೆರಿಕನ್ ರೋಗವರ್ಗೀಕರಣ ಇದನ್ನು ಬಾಲ್ಯದ ಪ್ರತಿಕ್ರಿಯೆಯೆಂದು ಹೆಸರಿಸಿತು. ಬೆಳೆದಂತೆ ಬಿಟ್ಟುಹೋಗುವುದೆಂಬ ಭಾವನೆ ಬಹುಕಾಲ ಇತ್ತು. 2013ರ ವರ್ಗೀಕರಣ ಮಾತ್ರ ಹದಿನೇಳು ದಾಟಿದವರಿಗೆ ಆರರ ಬದಲು ಐದು ಲಕ್ಷಣಗಳು ಸಾಕೆಂದೂ, ಕೆಲವು ಲಕ್ಷಣಗಳು ಹನ್ನೆರಡು ವರ್ಷದೊಳಗೆ ಕಂಡಿರಬೇಕೆಂದೂ ವಿಧಿಸಿ, ವಯಸ್ಕರಿಗೆ ಸ್ಥಾನ ಕಲ್ಪಿಸಿತು. ಹೀಗಾಗಿ ‘ಸೋಮಾರಿ’, ‘ಹುಂಬ’, ‘ಬುದ್ಧಿಯಿದ್ದೂ ಓದದವನು’ ಎಂದು ಶಾಲೆಯಲ್ಲಿ ಬೈಸಿಕೊಂಡು ಬೆಳೆದವರು ಮೂವತ್ತು ನಲವತ್ತರ ವಯಸ್ಸಿನಲ್ಲಿ ತಮ್ಮ ಬದುಕಿಗೆ ಬೇರೊಂದು ವಿವರಣೆಯಿದೆಯೆಂದು ತಿಳಿಯತೊಡಗಿದ್ದಾರೆ. ಉಪಾಧ್ಯಾಯರಾದ ನಾವು ಈ ಬೈಗುಳಗಳನ್ನು ಎಷ್ಟು ಬಾರಿ ಬಳಸಿದ್ದೇವೆಂದು ಲೆಕ್ಕ ಹಾಕಿಕೊಳ್ಳಬಹುದು.

ಇಂಥವನಿಗೆ ಹೊತ್ತಿಗೆ ಸರಿಯಾಗಿ ಒಂದು ಸ್ಥಳವನ್ನು ತಲಪುವುದೇ ರೋಗದ ಒಂದು ಕಷ್ಟ. ಆದಕಾರಣ ಆನ್‌ಲೈನ್ ಭೇಟಿ ಅವನಿಗೆ ವರವೆಂದು ತೋರುತ್ತದೆ. ಆದರೆ ಚಿಕಿತ್ಸಕನ ಮುಖ ಕಾಣುವ ಪರದೆಯಲ್ಲಿಯೇ ಅವನ ಚಿತ್ತವನ್ನು ಸೆಳೆಯುವ ಇಪ್ಪತ್ತು ಬೇರೆ ಸಂಗತಿಗಳೂ ಇರುತ್ತವೆ. ಮೇಜಿನ ಕೆಳಗೆ ಅಲುಗುತ್ತಿರುವ ಕಾಲು ಚಿಕಿತ್ಸಕನಿಗೆ ಕಾಣದು. ಬಾಲ್ಯದ ಲಕ್ಷಣಗಳಿಗೆ ಸಾಕ್ಷಿ ಬೇಕು. ಆ ಸಾಕ್ಷಿ ಹೆಚ್ಚಾಗಿ ತಾಯಿ. ಬನಶಂಕರಿಯ ಮನೆಯಲ್ಲಿ ಬಾಗಿಲು ಹಾಕಿಕೊಂಡು ಮೆಲುದನಿಯಲ್ಲಿ ಮಾತನಾಡುತ್ತಿರುವ ಮಗ ಯಾರಿಗೆ ಕೇಳಿಸಬಾರದೆಂದು ಬಯಸುತ್ತಾನೋ, ಅವಳನ್ನೇ ಕರೆದು ಪಕ್ಕದಲ್ಲಿ ಕುಳ್ಳಿರಿಸಬೇಕಾಗುತ್ತದೆ.

ಔಷಧದ ವಿಷಯದಲ್ಲಿ ಹಳೆಯ ಬಾಗಿಲು ಮತ್ತೆ ಎದುರಾಗುತ್ತದೆ. ಈ ತೊಂದರೆಗೆ ಕೊಡುವ ಮೀಥೈಲ್‌ಫೆನಿಡೇಟ್ ಔಷಧ ಕಾನೂನಿನ ಎಕ್ಸ್ ಅನುಸೂಚಿಗೆ ಸೇರಿದುದು. ಆ ಅನುಸೂಚಿಯ ಔಷಧಗಳನ್ನು ದೂರದಿಂದ ಬರೆದುಕೊಡುವುದನ್ನು 2020ರ ಮಾರ್ಗಸೂಚಿ ನಿಷೇಧಿಸಿತು. ದುರುಪಯೋಗದ ಭಯದಿಂದ ಬಂದ ಈ ನಿಯಮ ವಿವೇಕಯುತವಾದುದೇ. ಪರಿಣಾಮವಿಷ್ಟು: ಮಾತು ಮನೆಗೆ ಬಂದಿತು, ಮಾತ್ರೆಗಾಗಿ ರೋಗಿ ಬಾಗಿಲಿಗೆ ಹೋಗಲೇಬೇಕಾಯಿತು.

2017ರ ಮಾನಸಿಕ ಆರೋಗ್ಯ ಕಾಯಿದೆ ರೋಗಿಗೆ ಗೋಪ್ಯತೆಯ ಹಕ್ಕನ್ನು ಕೊಟ್ಟಿದೆ. ಅದು ವೈದ್ಯನನ್ನು ಬಂಧಿಸುತ್ತದೆ. ಪಕ್ಕದ ಕೋಣೆಯಲ್ಲಿರುವ ಅತ್ತೆಯನ್ನು ಬಂಧಿಸುವುದಿಲ್ಲ. ಎರಡು ಕೋಣೆಯ ಮನೆಯಲ್ಲಿ ಗಂಡನನ್ನು ಕುರಿತು ಹೇಳಬೇಕಾದುದನ್ನು ಹೇಳಲು ಸೊಸೆ ಮಹಡಿಯ ಮೇಲಕ್ಕೆ ಹೋಗಬೇಕು, ಇಲ್ಲವೇ ನಿಲ್ಲಿಸಿದ ಕಾರಿನಲ್ಲಿ ಕುಳಿತುಕೊಳ್ಳಬೇಕು. ಆಸ್ಪತ್ರೆಯ ಕೊಠಡಿಗೆ ಕಳಂಕವಿತ್ತು, ಆದರೆ ಅದರ ಗೋಡೆ ದಪ್ಪವಾಗಿತ್ತು. ನೆರೆಯವರ ಕಣ್ಣಿನಿಂದ ತಪ್ಪಿಸಿಕೊಂಡುದಕ್ಕೆ ಮನೆಯವರ ಕಿವಿಯ ರೂಪದಲ್ಲಿ ಬೆಲೆ ತೆರಬೇಕಾಗಿದೆ. ಈ ಹೊರೆ ಹೆಂಗಸರ ಮೇಲೆ ಹೆಚ್ಚಾಗಿ ಬೀಳುವುದೆಂದು ನಮ್ಮ ಅಭಿಪ್ರಾಯ.

ಕೇಳುವವನು ಯಾರೆಂಬುದೂ ಪರದೆಯಲ್ಲಿ ಸುಲಭವಾಗಿ ತಿಳಿಯದು. ಚಿಕಿತ್ಸಾ ಮನಶ್ಶಾಸ್ತ್ರಜ್ಞರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿತರಾಗಿರಬೇಕು. ಆದರೆ ‘ಸಲಹೆಗಾರ’ ಎಂಬ ಬಿರುದನ್ನು ಯಾರು ಬೇಕಾದರೂ ಧರಿಸುವ ಸ್ಥಿತಿ ಬಹುಕಾಲ ನಡೆದುಬಂದಿತು. ಈ ವೃತ್ತಿಗಳನ್ನು ಕ್ರಮಕ್ಕೆ ತರುವ ಉದ್ದೇಶದ ಕಾಯಿದೆಯೊಂದು 2021ರಲ್ಲಿ ಬಂದಿತು. 2022ರ ಅಕ್ಟೋಬರ್ 10ರಂದು ಆರಂಭವಾದ, ನಿಮ್ಹಾನ್ಸ್ ಕೇಂದ್ರವಾಗುಳ್ಳ ‘ಟೆಲಿ ಮಾನಸ್’ ಸೇವೆಯಲ್ಲಿ 14416 ಎಂಬ ಸಂಖ್ಯೆಗೆ ಕರೆಮಾಡಿದವರು ಹಣ ಕೊಡದೆ, ಹೊತ್ತುಗೊತ್ತಿನ ನಿರ್ಬಂಧವಿಲ್ಲದೆ, ಕನ್ನಡದಲ್ಲಿಯೇ ಮಾತನಾಡಬಹುದು. ಖಾಸಗಿಯಾಗಿ ನಡೆಯುವ ಆನ್‌ಲೈನ್ ಚಿಕಿತ್ಸೆಯ ಬಹುಭಾಗ ಇಂಗ್ಲಿಷಿನಲ್ಲಿ ನಡೆಯುತ್ತದೆ. ಜಯನಗರದ ವಿದ್ಯಾವಂತನಿಗೆ ಇದು ಅಡ್ಡಿಯಲ್ಲವೆಂದು ತೋರಬಹುದು. ಕೆಲವರಿಗೆ ಪರಭಾಷೆಯಲ್ಲಿ ಲಜ್ಜೆ ಕಡಮೆಯೆಂಬುದೂ ನಿಜ. ಆದರೆ ‘ಎದೆ ಭಾರ’, ‘ಬೇಜಾರು’, ‘ತಲೆಬಿಸಿ’, ‘ಹೊಟ್ಟೆಯುರಿ’ ಇವು ಲಕ್ಷಣಪಟ್ಟಿಗಳಲ್ಲಿ ನೇರವಾಗಿ ಸಿಕ್ಕುವುದಿಲ್ಲ. ‘ಸಂಕಟ’ವೆಂದರೆ ಹೊಟ್ಟೆಯ ತೊಳಸೂ ಹೌದು, ಮನಸ್ಸಿನ ದುಃಖವೂ ಹೌದು, ಎರಡರಲ್ಲಿ ಯಾವುದೆಂದು ಹೇಳುವವಳಿಗೇ ಮೊದಲು ತಿಳಿದಿರುವುದಿಲ್ಲ, ಕೇಳುವವನು ಮತ್ತೆ ಮತ್ತೆ ಕೇಳಿ ತಿಳಿದುಕೊಳ್ಳಬೇಕು.